ಅಟ್ಟದ ಮೇಲಿನ ಭಾನುವಾರ

ಸಾಕ್ಷಿ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಮ್ಮ ಚರ್ಚಿನ ಸಭೆಯಲ್ಲಿ ಆರಾಧನೆಯ ನಡುವೆ ಒಬ್ಬೊಬ್ಬರೇ ಎದ್ದು ನಿಂತು, ಆ ವಾರ ದೇವರು ತಮಗೆ ಮಾಡಿದ ಉಪಕಾರವನ್ನು ಎಲ್ಲರೆದುರು ಹೇಳುವ ಪದ್ಧತಿಯಿದೆ. ಅದನ್ನೇ ಸಾಕ್ಷಿ ಎನ್ನುವುದು. ಒಬ್ಬರಿಗೆ ಕಳೆದ ಕೀಲಿ ಸಿಕ್ಕಿರುತ್ತದೆ, ಇನ್ನೊಬ್ಬರಿಗಾಗಿ ಹೊರಟ ರೈಲು ನಿಂತಿರುತ್ತದೆ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಫಿಟ್ಟರ್ ಮಗಳಾಗಿ ಬೆಳೆದ ನನಗೆ ರೈಲು ಯಾಕೆ ನಿಲ್ಲುತ್ತದೆ ಎಂದು ಗೊತ್ತಿತ್ತು. ಸಿಗ್ನಲ್ ಸಿಗದೆ ನಿಲ್ಲುತ್ತದೆ. ನಾನು ಕೊನೆಯ ಬೆಂಚಿನಲ್ಲಿ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ದೇವರನ್ನು ನಂಬುತ್ತಿದ್ದೆ, ಇಲ್ಲವೆನ್ನುವುದಿಲ್ಲ. ಆದರೆ ಆತ ನಮ್ಮ ನಮ್ಮ ಅಡುಗೆಮನೆಯ ವಿಚಾರಕ್ಕೆಲ್ಲ ಕೈ ಹಾಕುತ್ತಾನೆ ಎಂದರೆ ನಂಬುತ್ತಿರಲಿಲ್ಲ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈಗ ನಾನು ಬರೆಯಹೊರಟಿರುವುದನ್ನು ಬೇರೆ ಯಾರಾದರೂ ಸಭೆಯಲ್ಲಿ ಎದ್ದು ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಒಂಬತ್ತು ವರ್ಷದ ಹಿಂದಿನ ಮಾತು. ಆಗ ನಾನು ಗಂಡಸಿ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಮೇಡಂ. ನಮ್ಮ ಮನೆ ಊರಿನಿಂದ ಆಚೆ, ತೆಂಗಿನ ತೋಟದೊಳಗೆ. ಮನೆಯಲ್ಲಿ ಮೂರೇ ಜನ. ನಾನು, ನಮ್ಮನೆಯವರು, ಅವರ ತಾಯಿ ಸುಗುಣಮ್ಮ. ಅತ್ತೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಹುಟ್ಟಿದವರು. ಬಾಯಿ ತೆರೆದರೆ ಅವರದು ಒಂದೇ ಮಾತು, "ಕರ್ತನ ಕೈಲೈತೆ ಬಿಡು." ಹಾಲು ಒಡೆದರೂ ಅದೇ, ಹಸು ಗಬ್ಬ ನಿಲ್ಲದಿದ್ದರೂ ಅದೇ. ಮದುವೆಯಾಗಿ ಹತ್ತು ವರ್ಷವಾದರೂ ನನಗೆ ಮಕ್ಕಳಾಗದೆ, ಹಾಸನದ ಡಾಕ್ಟರು ಇನ್ನು ಆಸೆ ಬೇಡ ಎಂದ ದಿನವೂ ಅದನ್ನೇ ಹೇಳಿದರು. ಅವರು ಸಮಾಧಾನಕ್ಕೇ ಹೇಳಿರಬೇಕು. ಆದರೆ ನಾನು ಅದನ್ನು ಕ್ಷಮಿಸಿರಲಿಲ್ಲ. ಎಲ್ಲವೂ ಆತನ ಕೈಯಲ್ಲಿದ್ದರೆ ಆತ ಮೇಲೆ ಕೂತು ನೋಡುತ್ತಾ ಸುಮ್ಮನಿದ್ದಾನಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ನಾನು ಹೇಳುತ್ತಿರುವ ಭಾನುವಾರಕ್ಕೆ ಹದಿನಾಲ್ಕು ತಿಂಗಳ ಮುಂಚೆ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಪೂರ್ತಿ ನಿಂತಿತು. ನಡುಮನೆಯಲ್ಲಿ ಮಂಚ ಹಾಕಿ ಮಲಗಿಸಿದೆವು. ಬೆಳಿಗ್ಗೆ ಎದ್ದು ಮೈ ಒರೆಸಿ, ಬಟ್ಟೆ ಬದಲಾಯಿಸಿ, ಗಂಜಿ ಕುಡಿಸಿ ಶಾಲೆಗೆ ಓಡುವುದು. ಬಂದ ಮೇಲೆ ಮತ್ತೆ ಅದೇ ಕೆಲಸ. ಊರವರೆಲ್ಲ ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿದಷ್ಟೂ ನನಗೆ ಸಿಟ್ಟು ಬರುತ್ತಿತ್ತು.

ಅತ್ತೆಯನ್ನು ಒಂಟಿಯಾಗಿ ಬಿಡುವಂತಿರಲಿಲ್ಲವಾದ್ದರಿಂದ ಅರಸೀಕೆರೆಯ ಚರ್ಚಿಗೆ ನಾವು ಸರದಿಯ ಮೇಲೆ ಹೋಗುತ್ತಿದ್ದೆವು. ಒಂದು ವಾರ ಅವರು, ಒಂದು ವಾರ ನಾನು. ಆ ಭಾನುವಾರ ನನ್ನದು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಯಾರಿಗೂ ಏನೂ ಮಾಡಿಕೊಡದೆ ಎರಡು ಗಂಟೆ ಕೂರುವ ಭಾಗ್ಯ ಹದಿನೈದು ದಿನಕ್ಕೊಮ್ಮೆ ಸಿಗುತ್ತಿತ್ತು. ಹಿಂದಿನ ಸಂಜೆ ನಮ್ಮನೆಯವರು ತಲೆ ಕೆರೆದುಕೊಳ್ಳುತ್ತಾ ಬಂದು, ನಾಳೆ ಸತ್ಯವೇದದ ಪಾಠ ಓದಲು ತಮಗೆ ಹೇಳಿದ್ದಾರೆ, ಆಮೇಲೆ ಕಮಿಟಿ ಮೀಟಿಂಗೂ ಇದೆ, ಮುಂದಿನ ಎರಡು ವಾರ ನೀನೇ ಹೋಗುವೆಯಂತೆ ಎಂದರು. ನಾನು ಇಸ್ತ್ರಿ ಮಾಡಿಟ್ಟಿದ್ದ ಸೀರೆಯನ್ನು ಎತ್ತಿ ಮತ್ತೆ ಪೆಟ್ಟಿಗೆಗೆ ಹಾಕಿದೆ.

ಬೆಳಿಗ್ಗೆ ಅತ್ತೆಯ ಹಾಸಿಗೆಯನ್ನು ಎರಡು ಸಲ ಬದಲಾಯಿಸಬೇಕಾಯಿತು. ಎರಡನೆಯ ಸಲದ ಬಟ್ಟೆಯನ್ನು ಬಚ್ಚಲಲ್ಲಿ ಒಗೆಯುತ್ತಾ ನಾನೊಂದು ಪ್ರಾರ್ಥನೆ ಮಾಡಿದೆ. ದೇವರೇ, ಇವರನ್ನು ಕರೆದುಕೋ. ಇವತ್ತೇ ಕರೆದುಕೋ. ಅವರ ಕಷ್ಟ ನೋಡಲಾರದೆ ಹಾಗೆ ಬೇಡಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ನಾನು ಬೇಡಿದ್ದು ನನ್ನ ಕಷ್ಟ ತಾಳಲಾರದೆ. ಬಾಯಿಬಿಟ್ಟು, ಪೂರ್ಣ ಮನಸ್ಸಿನಿಂದ ಬೇಡಿದೆ.

ಈಗ ನಮ್ಮ ಅಟ್ಟದ ವಿಷಯ ಹೇಳಬೇಕು. ನಮ್ಮ ಕಡೆ ಕೊಬ್ಬರಿ ಮಾಡುವವರು ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಅದು ಕುಲುಕುವುದು ಕೇಳಿಸುತ್ತದೆ. ಗಾಳಿಯಾಡಲೆಂದು ಅಟ್ಟದ ನೆಲಕ್ಕೆ ಹಲಗೆಯ ಬದಲು ಬಿದಿರಿನ ದಬ್ಬೆಗಳನ್ನು ಎರಡೆರಡು ಬೆರಳು ಸಂದಿ ಬಿಟ್ಟು ಬಡಿದಿರುತ್ತಾರೆ. ನಮ್ಮ ಅಟ್ಟ ನಡುಮನೆಯ ಮೇಲೆ ಇದ್ದದ್ದು, ಅದರ ಮೇಲೆ ತಗಡಿನ ಶೀಟು. ಹತ್ತಲು ಏಣಿ. ಏಣಿಯ ತುದಿಯಲ್ಲಿ ಮುಚ್ಚುವ ಬಾಗಿಲು, ಅದಕ್ಕೆ ಕೆಳಗಿನಿಂದ ಚಿಲಕ. ಸೂರಿನ ಸಂದಿಯಿಂದ ನುಗ್ಗುವ ಮರಬೆಕ್ಕು ಮನೆಯೊಳಕ್ಕೆ ಇಳಿಯಬಾರದಲ್ಲ, ಅದಕ್ಕೆ. ಒಮ್ಮೆ ಅತ್ತೆಯ ಮಂಚದ ಮೇಲೇ ಇಳಿದಿತ್ತು. ಅಂದಿನಿಂದ ಆ ಬಾಗಿಲು ತೆರೆದದ್ದು ಕಂಡರೆ ನಮ್ಮನೆಯವರು ಸುಮ್ಮನೆ ಹೋಗುವವರಲ್ಲ.

ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಅಟ್ಟ ಹತ್ತುವವರು ಚಪ್ಪಲಿಯನ್ನು ಏಣಿಯ ಬುಡದಲ್ಲಿ ಬಿಟ್ಟು ಹತ್ತಬೇಕು. ಚಪ್ಪಲಿ ಇದ್ದರೆ ಮೇಲೆ ಯಾರೋ ಇದ್ದಾರೆ, ಇಲ್ಲದಿದ್ದರೆ ಯಾರೂ ಇಲ್ಲ. ಮಾವನವರ ಕಾಲದಿಂದ ಬಂದದ್ದು. ಕೂಗಿ ಕೇಳುವ ಅಭ್ಯಾಸವೇ ಇರಲಿಲ್ಲ.

ಎಂಟೂವರೆ ಸುಮಾರಿಗೆ ಸ್ಟವ್ ಮೇಲೆ ಹಾಲಿಟ್ಟು, ಉರಿ ಸಣ್ಣ ಮಾಡಿ ನಾನು ಅಟ್ಟ ಹತ್ತಿದೆ. ಸೋಮವಾರ ಕೊಬ್ಬರಿ ವ್ಯಾಪಾರದವರು ಬರುವವರಿದ್ದರು, ಕಾಯಿ ಪಕ್ವವಾಗಿದೆಯೇ ನೋಡಬೇಕು ಎಂಬುದು ನೆಪ. ನಿಜವೆಂದರೆ ಸಿಟ್ಟು ಬಂದಾಗ ನನಗೆ ಹೋಗಲು ಇದ್ದ ಜಾಗ ಅದೊಂದೇ. ಹಿಂದಿನ ವಾರ ಅಲ್ಲಿ ಚೇಳು ಕಂಡಿದ್ದೆ. ಹಾಗಾಗಿ ಚಪ್ಪಲಿ ಹಾಕಿಕೊಂಡೇ ಹತ್ತಿದೆ. ಎರಡು ನಿಮಿಷಕ್ಕೆ ಯಾವ ಕಟ್ಟುಪಾಡು ಎನ್ನಿಸಿತು.

ಮೂಲೆಯಲ್ಲಿ ಕೂತು ಕಾಯಿ ಅಲ್ಲಾಡಿಸುತ್ತಿದ್ದೆ. ಕೆಳಗೆ ನಮ್ಮನೆಯವರು ಸಿದ್ಧರಾಗಿ, "ನಾನ್ ಬತ್ತೀನಿ ಕಣೇ" ಎಂದರು. ಅದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಉತ್ತರ ಕೊಡಲಿಲ್ಲ. ಇನ್ನೊಂದು ಸಲ ಕೂಗಲಿ, ಬೇಕಾದರೆ ಬಂದು ಮಾತಾಡಿಸಲಿ ಎಂದು ಬಿಗಿದುಕೊಂಡು ಕೂತೆ. ಅವರು ಏಣಿಯ ಎರಡು ಮೆಟ್ಟಿಲು ಹತ್ತಿದ ಸದ್ದಾಯಿತು. ಬಾಗಿಲು ಮುಚ್ಚಿತು. ಚಿಲಕ ಬಿತ್ತು. ನನಗೆ ವಿಷಯ ಹೊಳೆದು ಕಾಯಿ ರಾಶಿ ದಾಟಿ ಬರುವಷ್ಟರಲ್ಲಿ ಹೊರಗಿನ ಗ್ರಿಲ್ಲಿಗೆ ಬೀಗ ಹಾಕಿ, ಬೈಕ್ ಸ್ಟಾರ್ಟ್ ಮಾಡಿ ಆಗಿತ್ತು. ಒಂಟಿ ಮನೆಯಾದ್ದರಿಂದ ಹೋಗುವವರು ಗ್ರಿಲ್ಲಿಗೆ ಬೀಗ ಹಾಕುವುದು, ಇಬ್ಬರ ಬಳಿಯೂ ಒಂದೊಂದು ಕೀಲಿ ಇರುವುದು ನಮ್ಮ ರೂಢಿ. ಕೂಗಿದೆ. ಬೈಕಿನ ಸದ್ದು ತೋಟದ ಗೇಟು ದಾಟಿತು.

ಮೊದಲು ನಗು ಬಂತು. ಆಮೇಲೆ ಹಾಲು ನೆನಪಾಯಿತು.

ಮೊಬೈಲ್ ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ಪಕ್ಕದ ತೋಟದವರು ಮನೆ ಮಂದಿಯೆಲ್ಲ ಬೇಲೂರಿಗೆ ನಾಮಕರಣಕ್ಕೆ ಹೋಗಿದ್ದರು, ನಮಗೂ ಹೇಳಿದ್ದರು. ಬಾಗಿಲನ್ನು ಒದ್ದೆ. ಶೀಟನ್ನು ಬಡಿದೆ. ದಬ್ಬೆ ಕೀಳಲು ನೋಡಿದೆ, ಉಗುರು ಕಿತ್ತು ರಕ್ತ ಬಂತೇ ಹೊರತು ದಬ್ಬೆ ಬರಲಿಲ್ಲ. ಒಂದು ಕಡೆ ಕಾಯಿಗಳನ್ನೆಲ್ಲ ಸರಿಸಿ, ಸಂದಿಯಲ್ಲಿ ಕಣ್ಣಿಟ್ಟು ಕೆಳಗೆ ನೋಡಿದೆ. ಅತ್ತೆಯ ಮಂಚ ನೇರ ಕೆಳಗೇ ಇತ್ತು. ಅವರು ಕಣ್ಣು ಮುಚ್ಚಿ ಮಲಗಿದ್ದರು. ಮಂಚದ ಪಕ್ಕದಲ್ಲಿ, ನೆಲದ ಮೇಲೆ, ನಮ್ಮನೆಯವರು ಬೆಳಗಿನ ಜಾವ ಹಚ್ಚಿಟ್ಟ ಸೊಳ್ಳೆಬತ್ತಿ. ಅದರಾಚೆ ಅಡುಗೆಮನೆಯ ಹೊಸ್ತಿಲು. ಸ್ಟವ್ ಕಾಣುತ್ತಿರಲಿಲ್ಲ.

ಹಾಲು ಉಕ್ಕಿದ ಸದ್ದು ಕೇಳಿತು. ಸೀದ ವಾಸನೆ ಮೇಲಕ್ಕೆ ಬಂತು. ಸ್ವಲ್ಪ ಹೊತ್ತಿಗೆ ಅದರ ಹಿಂದೆಯೇ ಗ್ಯಾಸಿನ ವಾಸನೆ, ತೆಳ್ಳಗೆ.

ಆ ತೆಳ್ಳಗಿನ ವಾಸನೆಗೇ ನಾನು ಹೆದರಿದ್ದು. ಹೊಸ ಸಿಲಿಂಡರ್ ತಂದುಕೊಟ್ಟವನು ಒಮ್ಮೆ ನಮಗೆ ಪಾಠ ಮಾಡಿದ್ದ. ಗ್ಯಾಸ್ ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ ಮೇಡಂ, ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ ಎಂದಿದ್ದ. ನಮ್ಮ ಅಡುಗೆಮನೆ ನಡುಮನೆಗಿಂತ ಒಂದು ಮೆಟ್ಟಿಲು ಎತ್ತರ. ಅಟ್ಟಕ್ಕೇ ಇಷ್ಟು ವಾಸನೆ ಬಂದಿದೆ ಎಂದರೆ ಕೆಳಗೆ ಹೊಸ್ತಿಲು ದಾಟಿ ಮಂಚದ ಕಡೆ, ಆ ಬತ್ತಿಯ ಕೆಂಡದ ಕಡೆ, ಎಷ್ಟು ಹರಿಯುತ್ತಿರಬೇಕು? ಕೆಂಡ ಕಾಳಿನಷ್ಟೇ ಇತ್ತು. ಅದು ನನಗೆ ಮೇಲಿಂದ ಚೆನ್ನಾಗಿ ಕಾಣುತ್ತಿತ್ತು. ಅದನ್ನು ಬಿಟ್ಟು ಬೇರೇನೂ ಕಾಣದ ಹಾಗಾಯಿತು.

ಬೆಳಿಗ್ಗೆ ನಾನು ಕೇಳಿದ್ದು ಇದೇ ಅಲ್ಲವೇ? ಇವತ್ತೇ ಎಂದಿದ್ದೆ. ದೇವರು ಕೇಳಿಸಿಕೊಂಡಿದ್ದಾನೆ, ನೋಡಲಿ ಎಂದು ನನ್ನನ್ನೇ ಮೇಲೆ ಕೂರಿಸಿದ್ದಾನೆ ಎನ್ನಿಸಿತು. ಇಷ್ಟು ವರ್ಷ ಆತನ ಮೇಲೆ ಹೊರಿಸಿದ್ದ ಆರೋಪ ಈಗ ನನ್ನದೇ ಆಗಿತ್ತು. ಮೇಲಿಂದ ಎಲ್ಲವೂ ಕಾಣುತ್ತಿತ್ತು, ನನ್ನ ಕೈಯಲ್ಲಿ ಏನೂ ಆಗುತ್ತಿರಲಿಲ್ಲ. ಅಷ್ಟು ಭಯವನ್ನು ನಾನು ಅದಕ್ಕೆ ಮುಂಚೆ ಪಟ್ಟಿಲ್ಲ, ಆಮೇಲೂ ಪಟ್ಟಿಲ್ಲ. "ಅತ್ತೇ, ಅತ್ತೇ" ಎಂದು ಗಂಟಲು ಹರಿಯುವಂತೆ ಕೂಗಿದೆ. ಕೂಗಿ ಆಗುವುದೇನು? ಅವರು ಎದ್ದು ಹೋಗಿ ಸ್ಟವ್ ನಿಲ್ಲಿಸುವವರೇ? ಕೊನೆಗೆ ದಬ್ಬೆಗೆ ಹಣೆಯಿಟ್ಟು, ಕಣ್ಣು ಮುಚ್ಚಿ, ಬೇಡ, ಬೆಳಿಗ್ಗೆ ಕೇಳಿದ್ದು ಬೇಡ, ಅದನ್ನು ಕೊಡಬೇಡ ಎಂದೆ. ಎಷ್ಟು ಸಲ ಎಂದೆನೋ ಗೊತ್ತಿಲ್ಲ. ಎಷ್ಟು ಹೊತ್ತು ಕಣ್ಣು ಮುಚ್ಚಿದ್ದೆ ಎಂಬುದೂ ಗೊತ್ತಿಲ್ಲ. ಇಲ್ಲಿ ನಾನು ಪ್ರಾಮಾಣಿಕವಾಗಿರಬೇಕು. ಐದು ನಿಮಿಷವಿರಬಹುದು, ಅರ್ಧ ಗಂಟೆಯೂ ಇರಬಹುದು.

ಆಗ ಕೆಳಗಿನಿಂದ ದನಿ ಬಂತು.

"ಒಲೆ ನಿಲ್ಸಾಗೈತೆ. ಸುಮ್ಕಿರವ್ವ."

ಅದು ಅತ್ತೆಯ ದನಿ. ಲಕ್ವ ಹೊಡೆಯುವ ಮುಂಚೆ ಇದ್ದ ದನಿ, ತೊದಲಿಲ್ಲ, ಎಳೆತವಿಲ್ಲ. ಕಣ್ಣು ತೆರೆದು ನೋಡಿದೆ. ಅವರು ಮಲಗಿದ್ದಲ್ಲೇ ಮಲಗಿದ್ದರು. ಹೊದಿಕೆ ನಾನು ಹೊದಿಸಿದಂತೆಯೇ ಎದೆಯ ತನಕ ಇತ್ತು. ಆದರೆ ಈಗ ಅವರ ಕಣ್ಣು ತೆರೆದಿತ್ತು. ಸಂದಿಯ ಮೂಲಕ ನೇರ ನನ್ನನ್ನೇ ನೋಡುತ್ತಿದ್ದರು. "ಅತ್ತೆ, ಏನಂದ್ರಿ?" ಎಂದು ಕೇಳಿದೆ. ತುಟಿ ಒಂದು ಕಡೆಗೆ ಎಳೆದುಕೊಂಡೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕಣ್ಣು ಮುಚ್ಚಿದರು.

ನಾನು ನಂಬಿದೆ ಎಂದುಕೊಂಡಿರಾ? ಇಲ್ಲ. ವಾಸನೆ ಕಡಿಮೆಯಾದಂತೆ ಅನ್ನಿಸಿತು, ಮೂಗೇ ಅದಕ್ಕೆ ಒಗ್ಗಿಹೋಗಿರಬೇಕು ಅಂದುಕೊಂಡೆ. ಅಲ್ಲೇ ಬೋರಲು ಮಲಗಿ ಬತ್ತಿಯನ್ನು ನೋಡುತ್ತಾ ಕಾದೆ. ಬಿಸಿಲೇರಿದಂತೆ ತಗಡು ಕಾದು ಬೆನ್ನು ಬೇಯತೊಡಗಿತು. ಸುತ್ತ ಸಾವಿರಾರು ತೆಂಗಿನಕಾಯಿ, ಕುಡಿಯಲು ಒಂದರಲ್ಲೂ ಒಂದು ಗುಟುಕು ನೀರಿಲ್ಲ. ಮೊಬೈಲ್ ಎರಡು ಸಲ ಬಡಿದುಕೊಂಡು ನಿಂತಿತು. ಅದು ಬಡಿದುಕೊಂಡಾಗೆಲ್ಲ ಆ ಸದ್ದಿಗೇ ಎಲ್ಲಿ ಹತ್ತಿಕೊಳ್ಳುತ್ತದೋ ಎಂದು ಉಸಿರು ಬಿಗಿಹಿಡಿದೆ. ಕೆಂಡ ಒಂದು ಸುತ್ತು ಮುಗಿಸಿ ಒಳಸುತ್ತಿಗೆ ಬಂತು. ಅತ್ತೆಯ ಎದೆ ಏರುವುದು, ಇಳಿಯುವುದು, ಕೆಂಡ ಒಂದಿಷ್ಟು ಸರಿಯುವುದು. ಇಷ್ಟನ್ನೇ ನೋಡಿದೆ. ಹದಿನಾಲ್ಕು ತಿಂಗಳಲ್ಲಿ ನಾನು ಅವರ ಮುಖವನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಮೈ ಒರೆಸುವಾಗಲೂ ಮುಖ ನೋಡುತ್ತಿರಲಿಲ್ಲ ಎಂಬುದು ಆಗ ಗೊತ್ತಾಯಿತು.

ಮಧ್ಯಾಹ್ನದ ಹೊತ್ತಿಗೆ ಬತ್ತಿ ಪೂರ್ತಿ ಬೂದಿಯಾಗಿ ಕೆಂಡ ಆರಿತು. ನಾನು ಅಳಲು ಶುರುಮಾಡಿದ್ದು ಆಮೇಲೆ.

ನಮ್ಮನೆಯವರು ಬಂದಾಗ ಮೂರು ಗಂಟೆಯ ಹತ್ತಿರ. ನನ್ನ ಕೂಗು ಕೇಳಿ ಓಡಿಬಂದು ಚಿಲಕ ತೆಗೆದರು. ನನ್ನ ಕಾಲನ್ನು ನೋಡಿ, ಏಣಿಯ ಮೇಲೇ ನಿಂತು, "ಚಪ್ಪಲಿ ಕಾಣ್ಲಿಲ್ಲ ಕಣೇ" ಎಂದರು. ಬಚ್ಚಲಲ್ಲಿದ್ದೀಯ ಅಂದುಕೊಂಡೆ, ಮಾತ್ರೆ ತರಬೇಕಾ ಕೇಳಲು ಫೋನು ಮಾಡಿದೆ, ಸಿಟ್ಟಿಗೆ ಎತ್ತುತ್ತಿಲ್ಲ ಅಂದುಕೊಂಡೆ ಎಂದು ಒಂದೇ ಉಸಿರಿಗೆ ಹೇಳಿದರು. ನಾನು ಅವರನ್ನು ದಾಟಿಕೊಂಡು ಅಡುಗೆಮನೆಗೆ ಓಡಿದೆ.

ಬರ್ನರ್ ಸುತ್ತ ಉಕ್ಕಿದ ಹಾಲು ಸೀದು ಕಂದು ಬಣ್ಣಕ್ಕೆ ತಿರುಗಿ ಅಂಟಿತ್ತು. ನಾಬು ತಿರುಗಿಸಿ ನಿಲ್ಲಿಸಿತ್ತು. ಹಾಲಿನ ಪಾತ್ರೆ ಸ್ಟವ್ ಮೇಲಿರಲಿಲ್ಲ. ಪಕ್ಕದ ಕಲ್ಲಿನ ಮೇಲೆ ಇಳಿಸಿ, ಅದಕ್ಕೆ ತಟ್ಟೆ ಮುಚ್ಚಿತ್ತು. ತಟ್ಟೆಯನ್ನು ಬೋರಲು ಹಾಕಿ ಮುಚ್ಚಿತ್ತು. ನಾನು ಹಾಗೆ ಮುಚ್ಚುವುದಿಲ್ಲ. ಬೋರಲು ಮುಚ್ಚುವುದು ಅತ್ತೆಯ ಪದ್ಧತಿ, ಅದರ ಬಗ್ಗೆ ನಮಗಿಬ್ಬರಿಗೂ ವರ್ಷಗಟ್ಟಲೆ ಜಟಾಪಟಿ ನಡೆದಿತ್ತು. ಅವರು ಮಲಗಿದ ಮೇಲೆ ಆ ಮನೆಯಲ್ಲಿ ಒಂದು ಪಾತ್ರೆಗೂ ಬೋರಲು ತಟ್ಟೆ ಬಿದ್ದಿರಲಿಲ್ಲ.

ಹಿತ್ತಿಲ ಬಾಗಿಲು ನೋಡಿದೆ. ಹಾಲು ಕರೆದು ಬಂದಾಗ ನಾನೇ ಹಾಕಿದ್ದ ಒಳಚಿಲಕ ಹಾಕಿದಂತೆಯೇ ಇತ್ತು. ಗ್ರಿಲ್ಲಿನ ಬೀಗ ನಮ್ಮನೆಯವರೇ ತೆಗೆದು ಬಂದದ್ದು. ನಮ್ಮ ನಾಯಿ ಗರಿ ಬಿದ್ದರೂ ಬೊಗಳುವಂಥದ್ದು, ಅಂದು ಬೆಳಗಿನಿಂದ ಬೊಗಳಿರಲಿಲ್ಲ. ವಾಪಸು ನಡುಮನೆಗೆ ಬಂದು ಹೊದಿಕೆ ಸರಿಸಿ ಅತ್ತೆಯ ಪಾದ ನೋಡಿದೆ. ಎರಡು ಪಾದವೂ ಬೆಳಿಗ್ಗೆ ಒರೆಸಿದಂತೆಯೇ ಇದ್ದವು, ಒಂದು ಧೂಳಿನ ಕಣವಿಲ್ಲ. ಬಲಗೈಯನ್ನು ಎತ್ತಿ ಬಿಟ್ಟೆ. ಎಂದಿನಂತೆ ಹಾಸಿಗೆಯ ಮೇಲೆ ಬಿತ್ತು.

ನಮ್ಮನೆಯವರು ಎಲ್ಲವನ್ನೂ ಕೇಳಿ, ಹಾಲು ಉಕ್ಕಿದಾಗ ನೀನೇ ನಿಲ್ಲಿಸಿ ಆಮೇಲೆ ಹತ್ತಿರಬೇಕು, ಬಿಸಿಲಿಗೆ ಹಿಂದುಮುಂದಾಗಿದೆ ಎಂದರು. ಆಗಿರಬಹುದು. ಎಷ್ಟೋ ಸಲ ನಾನೂ ಹಾಗೇ ಅಂದುಕೊಳ್ಳಲು ನೋಡಿದ್ದೇನೆ. ಆದರೆ ಉಕ್ಕುವ ಸದ್ದನ್ನು ನಾನು ಮೇಲಿನಿಂದ ಕೇಳಿದ್ದೆ. ಮತ್ತೆ ಆ ತಟ್ಟೆಯನ್ನು ಏನು ಮಾಡಲಿ? ಕಣ್ಣು ಮುಚ್ಚಿದ್ದ ಆ ಹೊತ್ತಿನಲ್ಲಿ ಅತ್ತೆ ಎದ್ದು ನಡೆದರೇ ಎಂದು ಡಾಕ್ಟರನ್ನೂ ಕೇಳಿದೆ. ಆ ಕಾಲಿನಲ್ಲಿ ನಿಲ್ಲುವುದೂ ಸಾಧ್ಯವಿಲ್ಲ, ನೀವು ಸ್ವಲ್ಪ ನಿದ್ದೆ ಮಾಡಿ ಮೇಡಂ ಎಂದರು.

ಸುದ್ದಿ ಹೇಗೋ ಪಾಸ್ಟರಿಗೆ ತಲುಪಿತು. ಮನೆಗೆ ಬಂದು, ಅತ್ತೆಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಹೊರಡುವಾಗ ಮುಂದಿನ ಭಾನುವಾರ ಸಾಕ್ಷಿ ಹೇಳಿ ಅಮ್ಮ, ಎಷ್ಟೋ ಜನಕ್ಕೆ ನಂಬಿಕೆ ಹುಟ್ಟುತ್ತದೆ ಎಂದರು. ಆಗಲಿ ಎಂದು ತಲೆಯಾಡಿಸಿದೆ, ಹೇಳಲಿಲ್ಲ. ಎದ್ದು ನಿಂತರೆ ಪೂರ್ತಿ ಹೇಳಬೇಕು. ಬಚ್ಚಲಲ್ಲಿ ಬೇಡಿದ್ದನ್ನು ಬಿಟ್ಟು ಅಟ್ಟದಲ್ಲಿ ಬೇಡಿದ್ದನ್ನು ಮಾತ್ರ ಹೇಳಿದರೆ ಅದು ಸುಳ್ಳುಸಾಕ್ಷಿ.

ಅತ್ತೆ ಆಮೇಲೆ ಏಳು ವಾರ ಇದ್ದರು. ಮತ್ತೆ ಮಾತಾಡಲಿಲ್ಲ. ನಾನೇನೂ ಒಂದೇ ದಿನದಲ್ಲಿ ದೇವತೆಯಾಗಲಿಲ್ಲ, ಹಾಸಿಗೆ ಬದಲಾಯಿಸುವಾಗ ಗೊಣಗುತ್ತಲೇ ಇದ್ದೆ. ಆದರೆ ಆ ಪ್ರಾರ್ಥನೆ ಮತ್ತೆ ಬಾಯಿಗೆ ಬರಲಿಲ್ಲ. ರಾತ್ರಿ ಗಂಜಿ ಕುಡಿಸಿದ ಮೇಲೆ ಕೆಲವು ಸಲ ಅವರ ಕಿವಿಯ ಹತ್ತಿರ ಬಗ್ಗಿ, "ಅತ್ತೆ, ಯಾರು ನಿಲ್ಸಿದ್ದು?" ಎಂದು ಕೇಳುತ್ತಿದ್ದೆ. ಅವರು ನನ್ನನ್ನೇ ನೋಡುತ್ತಿದ್ದರು, ಅಷ್ಟೆ. ಒಂದು ಬೆಳಿಗ್ಗೆ ಮುಖ ಒರೆಸುತ್ತಿದ್ದಾಗ ನನ್ನ ಕೈಯಲ್ಲೇ ಹೋದರು. ನಾನು ಮುಖವನ್ನು ನೋಡುತ್ತಲೇ ಒರೆಸುತ್ತಿದ್ದೆ.

ಆ ಭಾನುವಾರ ಸಂಜೆ ನಮ್ಮನೆಯವರು, "ನಾನ್ ಬತ್ತೀನಿ ಅಂದಿದ್ದು ನಿಂಗೆ ಕೇಳಿಸ್ಲಿಲ್ವಾ?" ಎಂದು ಕೇಳಿದ್ದರು. ಇಲ್ಲ ಎಂದಿದ್ದೆ. ಮೇಲೆ ಯಾರಾದರೂ ಇದ್ದಾರೆಯೇ ಎಂದು ಕೇಳದೆ ಅಟ್ಟದ ಬಾಗಿಲು ಹಾಕಿದ ತಪ್ಪು ತಮ್ಮದೆಂದು ಅವರು ಇಂದಿಗೂ ಹೇಳಿಕೊಳ್ಳುತ್ತಾರೆ. ಇದನ್ನು ಮೊದಲು ಓದುವವರು ಅವರೇ. ಕೇಳಿಸಿತ್ತು ಕಣ್ರೀ. ಬಚ್ಚಲಲ್ಲಿ ನಿಮ್ಮ ತಾಯಿಯ ಬಗ್ಗೆ ಬೇಡಿಕೊಂಡದ್ದೂ ನಿಜ.

ಸ್ಟವ್ ನಿಲ್ಲಿಸಿ, ಹಾಲು ಇಳಿಸಿ, ತಟ್ಟೆ ಬೋರಲು ಹಾಕಿದ ಕೈ ಯಾರದೆಂದು ಒಂಬತ್ತು ವರ್ಷವಾದರೂ ನನಗೆ ಗೊತ್ತಾಗಿಲ್ಲ. ನನ್ನದಲ್ಲ ಎಂಬುದೊಂದೇ ಗೊತ್ತು. ಆ ಬೆಳಿಗ್ಗೆ ನನ್ನ ಕೈಯಲ್ಲಿ ಏನೂ ಇರಲಿಲ್ಲ.